ಬೇಲೆಗೆ ಕೊಟ್ಟ ಮುಲಾಮು

ಹೋದ ವಾರ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕರು ನನ್ನ ಪಕ್ಕದಲ್ಲೇ ನಿಂತು ಬೀಡಿ ಹಚ್ಚಿದರು. ಧೂಮಪಾನ ಮಾಡಬಾರದು ಎಂಬ ಫಲಕಕ್ಕೆ ಬೆನ್ನು ಆನಿಸಿಕೊಂಡೇ ಹಚ್ಚಿದರು. ನಾನು ಆರೋಗ್ಯ ಇಲಾಖೆಯವಳು, ಬೈಯಬೇಕಿತ್ತು. ಬೈಯುವುದರಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ. ನಮ್ಮದು ಬಾಗಲಕೋಟೆ ಕಡೆಯ ಗಂಟಲು, ಒಮ್ಮೆ ತೆರೆದರೆ ಎದುರಿನ ಹೋಟೆಲಿನವರೂ ಹೊರಗೆ ಬಂದು ನೋಡುತ್ತಾರೆ. ಆದರೆ ಬಾಯಿ ತೆರೆಯುವ ಮೊದಲು ಹೊಗೆ ಮೂಗಿಗೆ ಬಂತು. ಹೊಗೆಯ ಹಿಂದೆಯೇ ಇನ್ನೊಂದು ವಾಸನೆ ಬಂತು, ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆಯದ್ದು. ನಿಜವಾಗಿ ಬಂತೋ, ನನ್ನ ನೆನಪೇ ಅದನ್ನು ಸೇರಿಸಿತೋ ತಿಳಿಯದು. ನಾನು ಹತ್ತಬೇಕಿದ್ದ ಮಿಜಾರಿನ ಬಸ್ಸು ಎದುರಿಗೇ ಹೊರಟು ಹೋಯಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ಹೊಗೆ ತಾಗಿತಾ ಮಗಾ?" ಎಂದು ಮುದುಕರು ಗಾಬರಿಯಿಂದ ಬೀಡಿಯನ್ನು ಕೆಳಗೆ ಹಾಕಿ ತುಳಿದರು.

"ಇಲ್ರಿ ಅಜ್ಜಾರ, ಏನೂ ಆಗಿಲ್ಲ," ಎಂದೆ. ಬೀಡಿಯ ವಾಸನೆಗೆ ಅಳುವ ಆರೋಗ್ಯ ಕಾರ್ಯಕರ್ತೆ ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಆ ವಾಸನೆ ನನ್ನ ಮೊದಲ ಪೋಸ್ಟಿಂಗಿನ ಮಳೆಗಾಲದ್ದು. ಬಂಟ್ವಾಳದಿಂದ ಮೂಡುಬಿದಿರೆಗೆ ಬರುವ ದಾರಿಯಲ್ಲಿ ಒಂದು ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಹೆಂಗಸರು "ನಮ್ಮನ್ನು ಪೇಪರಿಗೆ ಹಾಕಿದ್ರಾ ಸಿಸ್ಟರ್?" ಎಂದು ಕೇಳಲು ಮನೆಗೇ ಬರುತ್ತಾರೆ, ಬಂದವರು ಒಂದೊಂದು ಪ್ರತಿ ಒಯ್ಯದೆ ಹೋಗುವುದಿಲ್ಲ. ಅಲ್ಲಿಯ ಆರೋಗ್ಯ ಉಪಕೇಂದ್ರ ಎಂದರೆ ರಸ್ತೆ ಬದಿಯ ಒಂದು ಕೋಣೆ, ಅದರ ಹಿಂದೆ ನನ್ನ ವಾಸಕ್ಕೆ ಇನ್ನೊಂದು ಕೋಣೆ, ಎರಡಕ್ಕೂ ಸೇರಿ ತಗಡಿನ ಮಾಡು. ನಮ್ಮೂರಿನಲ್ಲಿ ಮಳೆ ಎಂದರೆ ಎಲ್ಲರೂ ಹೊರಗೆ ಬಂದು ನೋಡುವಂಥದ್ದು. ಇಲ್ಲಿ ಅದು ಬೆಳಗಿನಿಂದ ಸಂಜೆಯವರೆಗೆ ತಗಡಿನ ಮೇಲೆ ಕೂತು ಹರಟುತ್ತಿತ್ತು. ಎದುರು ಕೂತವರ ಮಾತು ಕೇಳಬೇಕಾದರೆ ಮೇಜಿನ ಮೇಲೆ ಬಾಗಬೇಕು.

ಕೇಂದ್ರದ ನೇರ ಎದುರು, ರಸ್ತೆಯ ಆಚೆ, ಬೀಡಿ ಬ್ರಾಂಚ್. ಬ್ರಾಂಚ್ ಎಂದರೆ ಬೀಡಿ ಕಂಪೆನಿಯವರು ಊರೂರಲ್ಲಿ ಇಟ್ಟುಕೊಂಡ ಕೋಣೆ. ಹೆಂಗಸರು ಅಲ್ಲಿಂದ ಎಲೆ, ಹೊಗೆಸೊಪ್ಪು ತಂದು, ಮನೆಯಲ್ಲಿ ಮಡಿಲ ಮೇಲೆ ತಡ್ಪೆ ಇಟ್ಟುಕೊಂಡು ಬೀಡಿ ಸುತ್ತಿ, ಮರುದಿನ ಅಲ್ಲಿಗೇ ಒಪ್ಪಿಸುತ್ತಿದ್ದರು. ತಡ್ಪೆ ಎಂದರೆ ಅಕ್ಕಿ ಕೇರುವ ಮೊರ. ನದಿ ಬದಿಯ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿ ಗಂಡಸರು ಬರಿಗೈಯಲ್ಲಿ ಮನೆಗೆ ಬಂದ ಕಾಲದಲ್ಲಿ ಆ ಊರಿನ ಒಲೆಗಳನ್ನು ಉರಿಸಿದ್ದು ಈ ತಡ್ಪೆಗಳೇ. ನಾನು ಕೆಲಸಕ್ಕೆ ಸೇರುವ ಸ್ವಲ್ಪ ಮೊದಲು ಬ್ರಾಂಚೂ ಮುಚ್ಚಿತ್ತು. ಬೀಡಿಗೆ ಗಿರಾಕಿಗಳಿಲ್ಲವಂತೆ, ಕಂಪೆನಿಗೆ ಲಾಭವಿಲ್ಲವಂತೆ. ಎಳೆದಿದ್ದ ಶಟರಿನ ಮೇಲೆ ಆಗಲೇ ಪಾಚಿ ಹತ್ತುತ್ತಿತ್ತು.

ಒಳ್ಳೆಯದೇ ಆಯಿತು ಎಂದುಕೊಂಡೆ. ತಂಬಾಕಿನ ಧೂಳು, ಬಗ್ಗಿದ ಬೆನ್ನು, ಕೆಮ್ಮು, ಇವೆಲ್ಲ ಪರೀಕ್ಷೆಗೆ ಓದಿ ಬರೆದವಳು ನಾನು. ಬಂದ ಉತ್ಸಾಹದಲ್ಲಿ ಒಳಗಿನ ಗೋಡೆಗೆ ದೊಡ್ಡ ಪೋಸ್ಟರ್ ಅಂಟಿಸಿದೆ. ಒಂದು ಕಡೆ ಕಪ್ಪಾದ ಶ್ವಾಸಕೋಶ, ಇನ್ನೊಂದು ಕಡೆ ಹೊಗೆ ಬಿಡುವ ದಪ್ಪ ಬೀಡಿ. ತಂಬಾಕು ಬಿಡಿ, ಬದುಕು ಪಡೆಯಿರಿ ಎಂದೋ ಏನೋ ಬರೆದಿತ್ತು.

ಮೊದಲ ವಾರದಿಂದಲೇ ನನ್ನ ಕೇಂದ್ರಕ್ಕೆ ಜನವೋ ಜನ. ಬೆಳಗಿನ ಕೆಲಸ ಮುಗಿಯುವ ಹೊತ್ತಿಗೆ ಹೆಂಗಸರು ಛತ್ರಿ ಹಿಡಿದು, ತಲೆಗೆ ಹೂ ಮುಡಿದು, ಒಳ್ಳೆಯ ಸೀರೆ ಉಟ್ಟು ಸಾಲಾಗಿ ಬರುತ್ತಿದ್ದರು. ಬೆಂಚಿನಲ್ಲಿ ಆ ಪೋಸ್ಟರಿನ ಕೆಳಗೇ ಕೂತು, ಬಿಪಿ ನೋಡಿಸಿಕೊಂಡು, ಎದುರಿನ ಶಟರನ್ನು ಒಂದಷ್ಟು ಹೊತ್ತು ನೋಡಿ ಹೋಗುತ್ತಿದ್ದರು. ನಿನ್ನೆ ಬಂದವರು ಇವತ್ತೂ ಬರುತ್ತಿದ್ದರು. "ಎಲ್ಲೆ ನೋವೈತ್ರಿ?" ಎಂದು ಕೇಳಿದರೆ ಹೆಚ್ಚಿನವರದ್ದೂ ಒಂದೇ ಉತ್ತರ. ಕೈ ಮುಂದೆ ಚಾಚಿ, ಬೆರಳು ಆಡಿಸಿ ತುಳುವಿನಲ್ಲಿ ಹೇಳುತ್ತಿದ್ದರು. "ಕೈಕ್ ಬೇಲೆ ಇಜ್ಜಿ."

ನನಗೆ ಆಗ ತುಳು ಎಂದರೆ ಶುದ್ಧ ಕತ್ತಲು. ಮೇಲೆ ತಗಡಿನ ಸದ್ದು ಬೇರೆ. ಕೈ ಎಂದದ್ದು ತಿಳಿಯಿತು, ಮುಂದಿನದು ಬೇನೆ ಎಂದು ಕೇಳಿಸಿತು. ನಮ್ಮ ಕಡೆ ನೋವಿಗೆ ಬ್ಯಾನಿ ಎನ್ನುತ್ತೇವೆ, ತುಳುವಿನಲ್ಲೂ ನೋವಿಗೆ ಬೇನೆ ಎನ್ನುತ್ತಾರೆಂದು ಹಾಸ್ಟೆಲಿನ ಗೆಳತಿಯೊಬ್ಬಳು ಹೇಳಿಕೊಟ್ಟಿದ್ದಳು. ಇಜ್ಜಿ ಎಂದರೆ ಹೆಚ್ಚು ಎಂದಿರಬೇಕು ಎಂದು ನಾನೇ ಅರ್ಥ ಹಚ್ಚಿಕೊಂಡೆ. ಕೈಬೇನೆ ಹೆಚ್ಚಾಗಿದೆ! ಪಾಪ, ಎಷ್ಟು ವರ್ಷ ಬೀಡಿ ಸುತ್ತಿದ ಕೈಗಳು, ನೋಯದೆ ಇರುತ್ತವೆಯೇ? ಬಂದವರಿಗೆಲ್ಲ ನೋವಿನ ಮುಲಾಮು ಕೊಟ್ಟೆ. ಹಚ್ಚುವ ಕ್ರಮ ತೋರಿಸಿದೆ. ಬೆರಳುಗಳ ವ್ಯಾಯಾಮ ಮಾಡಿಸಿದೆ. ಅವರೂ ಶಾಲೆಯ ಮಕ್ಕಳಂತೆ ಮುಷ್ಟಿ ಕಟ್ಟಿ ಬಿಚ್ಚಿದರು. ಕೇಂದ್ರದಲ್ಲಿ ಮುಲಾಮು ಮುಗಿದು, ತಾಲೂಕಿಗೆ ಫೋನ್ ಮಾಡಿ "ಇಲ್ಲಿ ಕೈನೋವು ಸಾಂಕ್ರಾಮಿಕದ ಹಂಗ ಹಬ್ಬೇತ್ರಿ" ಎಂದು ವರದಿ ಕೊಟ್ಟೆ.

ಆಶಾ ಕಾರ್ಯಕರ್ತೆ ಜಯಂತಕ್ಕ ಆ ದಿನಗಳಲ್ಲಿ ಮಗಳ ಬಾಣಂತನಕ್ಕೆ ರಜೆಯಲ್ಲಿದ್ದರು. ರಜೆ ಮುಗಿಸಿ ಬಂದವರು ಮೂಲೆಯಲ್ಲಿ ಕೂತು ನನ್ನ ವೈದ್ಯಕೀಯ ನೋಡಿದರು. ಒಬ್ಬರು ಬಂದರು, ಬೆರಳು ಆಡಿಸಿದರು, ಮುಲಾಮು ಪಡೆದರು, ಹೋದರು. ಜಯಂತಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಬೆಂಚಿನಿಂದ ಜಾರಿ ಬೀಳುವಷ್ಟು ನಕ್ಕರು.

"ಯಾಕ್ರಿ ನಗ್ತೀರಿ?"

"ಸಿಸ್ಟರ್, ಅದು ಬೇನೆ ಅಲ್ಲ ಮಾರಾಯ್ರೆ, ಬೇಲೆ. ಬೇಲೆ ಅಂದ್ರೆ ಕೆಲಸ. ಇಜ್ಜಿ ಅಂದ್ರೆ ಇಲ್ಲ. ಕೈಗೆ ಕೆಲಸ ಇಲ್ಲ ಅಂತ ಹೇಳುದು ಅವ್ರು. ನೀವು ಕೆಲಸ ಇಲ್ಲದ್ದಕ್ಕೆ ಮುಲಾಮು ಕೊಟ್ಟದ್ದು!"

"ಅವರಾದ್ರೂ ಹೇಳಬಾರದೇನ್ರಿ, ಬ್ಯಾಡ ಅಂತ?"

"ಅಷ್ಟು ಪ್ರೀತಿಯಲ್ಲಿ ಕೊಡುವಾಗ ಬೇಡ ಹೇಳುದು ಹೇಗೆ? ಮತ್ತೆ, ಸೊಂಟಕ್ಕೆ ಹಚ್ಚಿದ್ರೆ ಒಳ್ಳೆದಾಗ್ತದಂತೆ."

ನನಗೂ ನಗು ಬಂತು. ನಕ್ಕು ಮುಗಿದ ಮೇಲೆ ಒಂಥರಾ ಆಯಿತು. ಅವರು ಬರುತ್ತಿದ್ದದ್ದು ಬ್ರಾಂಚಿಗೆ ಹೋಗುತ್ತಿದ್ದ ಹೊತ್ತಿಗೆ, ಬ್ರಾಂಚಿಗೆ ಹೋಗುತ್ತಿದ್ದ ಸೀರೆಯಲ್ಲಿ, ಅದೇ ದಾರಿಯಲ್ಲಿ ಎಂದು ಆಮೇಲೆ ಹೊಳೆಯಿತು. ಮದುವೆಯಾಗಿ ಬಂದಾಗಿನಿಂದ ಆ ಹೆಂಗಸರಿಗೆ ಯಾರ ಅಪ್ಪಣೆಯೂ ಬೇಡದೆ ಮನೆಯಿಂದ ಹೊರಡಲು ಇದ್ದ ದಾರಿ ಅದೊಂದೇ. ಬ್ರಾಂಚಿನ ಜಗಲಿಯಲ್ಲಿ ಯಾರ ಮಗಳು ಪಾಸಾದಳು, ಯಾರ ಗಂಡ ಕುಡಿದು ಬಂದ, ಯಾರಿಗೆ ಮುಟ್ಟು ನಿಂತಿತು ಎಂಬ ಮಾತೆಲ್ಲ ಆಗುತ್ತಿತ್ತು. ಬಾಗಿಲು ಮುಚ್ಚಿದರೂ ಕಾಲುಗಳು ದಾರಿ ಮರೆತಿರಲಿಲ್ಲ. ಬಂದು ಸೇರಲು ಎದುರಿನ ಬಾಗಿಲು ತೆರೆದಿತ್ತು, ಅಲ್ಲಿ ನಾನಿದ್ದೆ, ಕೈಯಲ್ಲಿ ಮುಲಾಮು ಹಿಡಿದುಕೊಂಡು.

"ಎಲ್ಲರೂ ಬಂದ್ರು, ಸುಂದರಿಯಕ್ಕ ಮಾತ್ರ ಬರ್ಲಿಲ್ಲ," ಎಂದರು ಜಯಂತಕ್ಕ. ಆ ಹೆಸರು ನಾನು ಕೇಳಿದ್ದು ಅದೇ ಮೊದಲು.

ಸುಂದರಿಯಕ್ಕನ ಮನೆ ಕೇಂದ್ರದ ಹಿಂದಿನ ಗುಡ್ಡದ ಮೇಲೆ. ನಾವು ಹೋದಾಗ ಅವರು ಒಳಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮಗಳು ವನಿತಾ ಮಿಜಾರಿನ ಕಾಲೇಜೊಂದರ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಅವತ್ತು ರಜೆ ಹಾಕಿ ಮನೆಯಲ್ಲಿದ್ದಳು. ಹಂಚಿನ ಕಾರ್ಖಾನೆಯಲ್ಲಿದ್ದ ತಂದೆ ತೀರಿಕೊಂಡು ವರ್ಷಗಳಾಗಿದ್ದವು.

"ಅಮ್ಮ ಗಂಜಿ ಸಹ ಕುಡಿಯುದಿಲ್ಲ ಸಿಸ್ಟರ್," ಎಂದಳು. "ಬಂಟ್ವಾಳದ ಡಾಕ್ಟ್ರಿಗೆ ತೋರಿಸಿದೆ. ರಕ್ತದಲ್ಲಿ ಎಂತದೂ ಇಲ್ಲ ಹೇಳಿದ್ರು, ಮಾತ್ರೆ ಕೊಟ್ಟಿದ್ದಾರೆ. ಕೊಟ್ರೆ ತಗೊಳ್ತಾರೆ. ಆದ್ರೆ ಏಳುದಿಲ್ಲ. ಹೀಗೇ ಹೋದ್ರೆ ನನಗೆ ಅಮ್ಮ ಉಳಿತಾರಾ?"

ನಾನು ನಾಡಿ ಹಿಡಿಯಲು ಕೈ ಮುಟ್ಟಿದೆ. ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉರುಳುತ್ತಿತ್ತು. ಒಂದು ಸಲ ಉರುಳಿ, ತುದಿಗೆ ಹೋಗಿ, ಒಳಗೆ ಮಡಚಿ, ಮತ್ತೆ ಮೊದಲಿನಿಂದ. ಇಲ್ಲದ ಎಲೆಯನ್ನು ಸುತ್ತುತ್ತಿದ್ದರು. ಅವರಿಗೆ ಅದು ಗೊತ್ತೂ ಇರಲಿಲ್ಲ.

ಮನಸ್ಸಿನ ಖಿನ್ನತೆಯ ಬಗ್ಗೆ ನನಗೆ ತರಬೇತಿ ಕೊಟ್ಟಿದ್ದರು. ಕಲಿತದ್ದನ್ನು ಪಕ್ಕದಲ್ಲಿ ಕೂತು ಒಪ್ಪಿಸಿದೆ. ಜಯಂತಕ್ಕ ತುಳುವಿಗೆ ತಿರುಗಿಸಿದರು. ಎಲ್ಲ ಕೇಳಿದ ಮೇಲೆ ಸುಂದರಿಯಕ್ಕ ಗೋಡೆಯ ಕಡೆಯಿಂದಲೇ ಒಂದು ಮಾತು ಹೇಳಿದರು. ಜಯಂತಕ್ಕ ನನಗೆ ಹೇಳಿದರು, "ನಿಮಗೆ ಚಾ ಕೊಡ್ಲಿಕ್ಕೆ ಹೇಳಿದ್ರು."

ಇಳಿದು ಬರುವಾಗ ದಾರಿಯಲ್ಲಿ ಖತೀಜಮ್ಮ ಸಿಕ್ಕಿದರು. ಸುಂದರಿಯಕ್ಕನ ನೆರೆಯವರು, ಅದೇ ವಯಸ್ಸಿನವರು, ಒಟ್ಟಿಗೇ ಬೀಡಿ ಸುತ್ತಲು ಕಲಿತವರು. ಮಳೆಯಲ್ಲೇ ನಿಂತು ಅವರು ನನಗೆ ಕೈಪಾಲಿನ ವಿಷಯ ಹೇಳಿದರು. ಆ ಊರಿನ ಬೀಡಿ ಹೆಂಗಸರಲ್ಲಿ ಒಂದು ರೂಢಿಯಿತ್ತು. ಯಾರಾದರೂ ಹೆರಿಗೆಗೋ ಕಾಯಿಲೆಗೋ ಮಲಗಿದರೆ ಉಳಿದವರು ತಮ್ಮ ಪಾಲಿನ ಜೊತೆ ಅವರ ಹೆಸರಿಗೂ ಒಂದೊಂದು ಕಟ್ಟು ಸುತ್ತಿ ಬ್ರಾಂಚಿಗೆ ಒಪ್ಪಿಸುತ್ತಿದ್ದರು, ಅವರ ಕೆಲಸ ತಪ್ಪದ ಹಾಗೆ. ಅದಕ್ಕೆ ಕೈಪಾಲು ಎನ್ನುತ್ತಿದ್ದರು. ಯಾರೂ ಕೇಳುವಂತಿಲ್ಲ, ಯಾರೂ ಹಿಂದೆ ಕೊಡುವಂತಿಲ್ಲ. ಮನೆ ಮನೆಗೆ ಹೋಗಿ ಅದನ್ನು ಎತ್ತಿ ತರುತ್ತಿದ್ದವರು ಸುಂದರಿಯಕ್ಕ.

"ನನ್ನ ಗಂಡ ಆಸ್ಪತ್ರೆಯಲ್ಲಿ ಇದ್ದದ್ದು ಒಂದು ಇಡೀ ಮಳೆಗಾಲ," ಎಂದರು ಖತೀಜಮ್ಮ. "ನಾನು ಒಂದು ಬೀಡಿ ಸುತ್ತಲಿಲ್ಲ. ಆದ್ರೆ ನನ್ನ ಕೆಲಸ ಒಂದು ದಿನ ತಪ್ಪಲಿಲ್ಲ. ಹಿಂದೂಗಳ ಮನೆ, ನಮ್ಮ ಬ್ಯಾರಿಗಳ ಮನೆ, ಜೈನರ ಬಿಡಾರದಲ್ಲಿದ್ದ ಬಾಡಿಗೆಯವ್ರು, ಒಬ್ಬರನ್ನು ಬಿಡ್ಲಿಲ್ಲ ಅವಳು. ಈಗ ಅವಳು ಮಲಗಿದ್ದಾಳೆ. ನಾವು ಎಂತ ಕೈಪಾಲು ಹಾಕುದು ಸಿಸ್ಟರ್? ಹಾಕ್ಲಿಕ್ಕೆ ಕೈಯಲ್ಲಿ ಎಂತ ಉಂಟು?"

ಅಲ್ಲಿಂದ ನನಗೆ ಅದೇ ಧ್ಯಾನ. ಪಂಚಾಯಿತಿಯವರ ಬೆನ್ನು ಹತ್ತಿ ಬೆಳ್ತಂಗಡಿಯಲ್ಲಿ ಹೆಂಗಸರಿಗೆ ಸ್ವ ಉದ್ಯೋಗದ ತರಬೇತಿ ಇದೆ ಎಂದು ತಿಳಿದುಕೊಂಡೆ. ಫಿನಾಯಿಲ್ ತಯಾರಿಸುವುದು. ವ್ಯಾನು ಮಾಡಿಸಿ, ಎಲ್ಲರನ್ನೂ ಹತ್ತಿಸಿ, ಸುಂದರಿಯಕ್ಕನಿಗೆಂದು ಕಿಟಕಿಯ ಬದಿಯ ಸೀಟು ಹಿಡಿದಿಟ್ಟು ಕಾದೆ. ಅವರು ಬರಲಿಲ್ಲ. ಬ್ರಾಂಚ್ ಮುಚ್ಚಿದ ದಿನದಿಂದ ಅವರು ಗುಡ್ಡ ಇಳಿದು ರಸ್ತೆಗೆ ಬಂದದ್ದೇ ಇಲ್ಲ. ರಸ್ತೆಗೆ ಬಂದರೆ ಆ ಶಟರಿನ ಮುಂದೆ ಹಾದು ಹೋಗಬೇಕಲ್ಲ. ಡಾಕ್ಟರ ಹತ್ತಿರ ಒಯ್ದಾಗಲೂ ರಿಕ್ಷಾವನ್ನು ಹಿಂದಿನ ಮಣ್ಣು ದಾರಿಯಲ್ಲಿ ತರಿಸಿದ್ದರಂತೆ. ಉಳಿದವರೆಲ್ಲ ಬೆಳ್ತಂಗಡಿಯ ಸಭಾಂಗಣದಲ್ಲಿ ಮೂಗು ಮುಚ್ಚಿಕೊಂಡು ಫಿನಾಯಿಲ್ ಕಲಕಿದರು, ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಂಡರು, ಹೋಟೆಲಿನಲ್ಲಿ ಗೋಳಿಬಜೆ ತಿಂದರು. ಬರುವಾಗ ವ್ಯಾನಿನಲ್ಲಿ ಒಂದೇ ನಗು. ಆಮೇಲೆ ಆ ಊರಲ್ಲಿ ಯಾರೂ ಫಿನಾಯಿಲ್ ಮಾಡಲಿಲ್ಲ. ಕೊಳ್ಳುವವರು ಯಾರು ಎಂದು ಹೇಳಿಕೊಡುವುದನ್ನು ತರಬೇತಿಯವರು ಮರೆತಿದ್ದರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಆ ಎಲೆ, ಆ ಹೊಗೆಸೊಪ್ಪು ಇವರ ಎದೆಯೊಳಗೆ ಹೋಗುತ್ತಿತ್ತು ಎಂಬುದೂ ನಿಜ, ಅದು ನಿಂತದ್ದಕ್ಕೆ ಇವರಲ್ಲಿ ಒಬ್ಬರು ಊಟ ಬಿಟ್ಟು ಮಲಗಿದ್ದಾರೆ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನನಗೆ ಯಾರೂ ಕಲಿಸಿರಲಿಲ್ಲ. ಸುಂದರಿಯಕ್ಕ ದಿನದಿಂದ ದಿನಕ್ಕೆ ಇಳಿಯುತ್ತಿದ್ದರು. ವನಿತಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕೇಂದ್ರದ ಬಾಗಿಲಲ್ಲಿ ನಿಂತು "ಒಮ್ಮೆ ನೋಡಿ ಬನ್ನಿ ಆಯ್ತಾ ಸಿಸ್ಟರ್" ಎನ್ನುತ್ತಿದ್ದಳು. ಅವಳ ಬಸ್ಸು ಹೋದ ಮೇಲೂ ಆ ಮಾತು ಬಾಗಿಲಲ್ಲೇ ಇರುತ್ತಿತ್ತು.

ಆಟಿ ತಿಂಗಳು ಬಂತು. ತುಳುನಾಡಿನಲ್ಲಿ ಗದ್ದೆ ಕೆಲಸವೂ ಇಲ್ಲದ, ಶುಭ ಕಾರ್ಯವೂ ಇಲ್ಲದ, ಮಳೆಯೊಂದೇ ಇರುವ ತಿಂಗಳು. ಒಂದು ಬೆಳಿಗ್ಗೆ ಬೆಂಚಿನ ತುಂಬ ಹೆಂಗಸರಿದ್ದರು, ನನ್ನ ಮುಲಾಮಿನ ಕಥೆ ಮತ್ತೊಮ್ಮೆ ಹೊರಬಿದ್ದು ಎಲ್ಲರೂ ನಗುತ್ತಿದ್ದರು. ಖತೀಜಮ್ಮ ನಗಲಿಲ್ಲ. ನನ್ನನ್ನೇ ನೋಡಿ ಹೇಳಿದರು.

"ನೀವು ಬೇಲೆ ಇಲ್ಲದ್ದಕ್ಕೆ ಬೇನೆಯ ಮದ್ದು ಕೊಟ್ರಿ. ಈಗ ಅವಳ ಬೇನೆಗೆ ಬೇಲೆ ಕೊಟ್ಟು ನೋಡುವನಾ?"

ಬೆಂಚಿನಲ್ಲಿ ನಗು ನಿಂತಿತು.

"ಎಂತ ಬೇಲೆ ಕೊಡುದು?" ಎಂದರು ಜಯಂತಕ್ಕ.

"ನಮ್ಮ ತೋಡಿನ ಬದಿಯಲ್ಲಿ ಕೆಸುವಿನ ಎಲೆ ಬಂದಿದೆ. ಆಟಿ ಅಲ್ವಾ, ಪತ್ರೊಡೆ ಮಾಡುವ. ಅವಳ ಜಗಲಿಯಲ್ಲೇ ಮಾಡುವ."

ಮರುದಿನ ಬ್ರಾಂಚಿನ ಹೊತ್ತಿಗೆ ಎಲ್ಲರೂ ಗುಡ್ಡ ಹತ್ತಿದರು. ಒಬ್ಬೊಬ್ಬರ ಕಂಕುಳಲ್ಲೂ ತಡ್ಪೆ. ಬ್ರಾಂಚ್ ಮುಚ್ಚಿದ ಮೇಲೆ ಅಟ್ಟಕ್ಕೆ ಹಾಕಿದ್ದನ್ನು ಇಳಿಸಿ, ಒರೆಸಿ ತಂದಿದ್ದರು. ಹಿಟ್ಟು ಖತೀಜಮ್ಮನ ಮನೆಯಿಂದ ಬಂತು, ಅಕ್ಕಿ, ಕಾಯಿ, ಮೆಣಸು, ಬೆಲ್ಲ ಸೇರಿಸಿ ರುಬ್ಬಿದ್ದು, ಕೆಸು ತುರಿಸದ ಹಾಗೆ ಹುಳಿ ಮುಂದಾಗಿ ಹಾಕಿದ್ದು. ಸುಂದರಿಯಕ್ಕನ ಜಗಲಿಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಇಟ್ಟು ಕೂತರು. ಎಲೆಯ ದಪ್ಪ ನಾರು ತೆಗೆದು, ಬೆನ್ನಿಗೆ ಹಿಟ್ಟು ಸವರಿ, ಒಂದರ ಮೇಲೊಂದು ಇಟ್ಟು, ಅಂಚು ಮಡಚಿ, ಸುತ್ತಿ, ನೂಲು ಕಟ್ಟತೊಡಗಿದರು. ಆ ಕೈಗಳನ್ನು ನಾನು ಆವರೆಗೆ ಮುಷ್ಟಿ ಕಟ್ಟಿ ಬಿಚ್ಚುವುದರಲ್ಲಿ ಮಾತ್ರ ನೋಡಿದ್ದೆ. ಈಗ ನೋಡಿದರೆ ಅವರ ಕಣ್ಣು ಒಂದು ಕಡೆ, ಮಾತು ಇನ್ನೊಂದು ಕಡೆ, ಕೈ ಮಾತ್ರ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು.

ಒಳಕೋಣೆಯ ಬಾಗಿಲು ತೆರೆದಿತ್ತು. ಯಾರೂ ಸುಂದರಿಯಕ್ಕನನ್ನು ಕರೆಯಲಿಲ್ಲ. ಏಳಿ, ತಿನ್ನಿ, ಹೇಗಿದ್ದೀರಿ ಎಂದೂ ಕೇಳಲಿಲ್ಲ. ಹಳೆಯ ಬ್ರಾಂಚಿನ ಜಗಲಿಯ ಹಾಗೆ ಊರಿನವರ ಸುದ್ದಿಯನ್ನೆಲ್ಲ ತಡ್ಪೆಗೆ ಸುರಿದುಕೊಂಡರು. ಬೇಕೆಂದೇ ಅರ್ಧ ಹೇಳಿ ಬಿಡುತ್ತಿದ್ದರೆಂದು ನನಗೆ ಅನುಮಾನ. ಚೆಕ್ಕರ್ ಮಗಳ ಮದುವೆ ನಿಂತದ್ದು ಯಾಕೆ ಎಂಬುದನ್ನು ಮೂವರು ಶುರು ಮಾಡಿದರು, ಒಬ್ಬರೂ ಮುಗಿಸಲಿಲ್ಲ. ಚೆಕ್ಕರ್ ಎಂದರೆ ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ಪರೀಕ್ಷಿಸಿ, ಸಡಿಲ ಬೀಡಿಯನ್ನು ಮುರಿದು ಬದಿಗೆ ಎಸೆಯುತ್ತಿದ್ದವನು. ಅವನೆಂದರೆ ಎಲ್ಲರಿಗೂ ಹೆದರಿಕೆ, ಸಾಲದ್ದಕ್ಕೆ ಅಷ್ಟೇ ಸಿಟ್ಟು.

ಸುಮ್ಮನೆ ಕೂರಲಾರದೆ ನಾನೂ ಒಂದು ಎಲೆ ಎತ್ತಿಕೊಂಡೆ. ರೊಟ್ಟಿ ಬಡಿಯುವ ಕೈ ನಮ್ಮದು, ಸುತ್ತುವುದು ಕಂಡಿಲ್ಲ. ಹಿಟ್ಟು ಹೆಚ್ಚಾಯಿತು, ಎಲೆ ಹರಿಯಿತು, ಮಡಚಿದ ಕಡೆಯಿಂದೆಲ್ಲ ಹಿಟ್ಟು ಹೊರಗೆ ಬಂತು. ನೂಲನ್ನು ದನಕ್ಕೆ ಹಗ್ಗ ಕಟ್ಟಿದ ಹಾಗೆ ಬಿಗಿದೆ. ಎಲ್ಲರೂ ನೋಡಿ ತುಟಿ ಕಚ್ಚಿಕೊಂಡರು. ಇನ್ನೊಂದು ಎತ್ತಿಕೊಂಡೆ, ಅದು ಮೊದಲಿನದಕ್ಕಿಂತ ಅನ್ಯಾಯವಾಯಿತು. ಆಗ ನನ್ನ ಹಿಂದೆ ಬಾಗಿಲ ದಾರಂದದಲ್ಲಿ ಬಳೆಯ ಸದ್ದಾಯಿತು.

"ಇದೆಂತ ಸಿಸ್ಟರ್?"

ಸುಂದರಿಯಕ್ಕ ದಾರಂದ ಹಿಡಿದು ನಿಂತಿದ್ದರು. ಕೂದಲು ಕೆದರಿತ್ತು, ಕಾಲು ನಡುಗುತ್ತಿತ್ತು. ಮೆಲ್ಲಗೆ ಬಂದು ನನ್ನ ಎದುರು ಕೂತರು. ನಾನು ಸುತ್ತಿದ್ದನ್ನು ಎತ್ತಿ, ಎರಡು ಬೆರಳಲ್ಲಿ ಒತ್ತಿ, ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಥೇಟ್ ಆ ಚೆಕ್ಕರನ ಹಾಗೆ ಮುಖ ಗಂಟು ಹಾಕಿ ಬದಿಗೆ ಎಸೆದರು.

"ರಿಜೆಕ್ಟ್!"

ಜಗಲಿಯಲ್ಲಿ ಎದ್ದ ನಗು ರಸ್ತೆಗೆ ಕೇಳಿರಬೇಕು. ಖತೀಜಮ್ಮ ಮಾತ್ರ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನನಗೂ ತಡೆಯಲಾಗಲಿಲ್ಲ, ಅತ್ತೆ. ಹಿಟ್ಟಿನ ಕೈಯಲ್ಲಿ ಕಣ್ಣು ಒರೆಸಿಕೊಂಡು ಮೆಣಸಿನ ಉರಿಗೆ ಇನ್ನಷ್ಟು ಅತ್ತೆ. ಸುಂದರಿಯಕ್ಕ ಒಂದು ಎಲೆ ತೆಗೆದುಕೊಂಡು, ನನ್ನ ಬೆರಳು ಹಿಡಿದು, ಅಂಚು ಒಳಗೆ ಹಾಕುವುದು ಹೇಗೆ, ಹೆಬ್ಬೆರಳಿನಿಂದ ಉರುಳಿಸುವುದು ಹೇಗೆ ಎಂದು ತೋರಿಸಿದರು. ಅವತ್ತು ಬೆಂದ ಪತ್ರೊಡೆಯಲ್ಲಿ ಒಂದು ತುಂಡು ಅವರೂ ತಿಂದರು. ಹೆಚ್ಚಿಲ್ಲ, ಒಂದೇ ತುಂಡು. ಸಂಜೆ ಬಂದ ವನಿತಾ ಕೇಂದ್ರದ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಳು.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ಬರೆಯಲು ಆಸೆ. ಹಾಗಾಗಲಿಲ್ಲ. ಹೆಂಗಸರು ಜಗಲಿಗೆ ಹೋಗುವುದನ್ನು ಬಿಡಲಿಲ್ಲ. ಪತ್ರೊಡೆ ಮುಗಿದರೆ ಹಪ್ಪಳ, ಹಪ್ಪಳ ಮುಗಿದರೆ ಹೂ ಕಟ್ಟುವುದು, ಏನೂ ಇಲ್ಲದ ದಿನ ಅವರವರ ಮನೆಯ ಹರಿದ ಬಟ್ಟೆ. ವನಿತಾ ತನ್ನ ಹಾಸ್ಟೆಲಿನವರಲ್ಲಿ ಕೇಳಿ ಹಪ್ಪಳಕ್ಕೆ ಗಿರಾಕಿ ಹಿಡಿದಳು. ಬೀಡಿ ಕೊಟ್ಟಷ್ಟನ್ನು ಇದು ಕೊಡುತ್ತಿರಲಿಲ್ಲ, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ಕೆಲವರು ಗೇರುಬೀಜದ ಕಾರ್ಖಾನೆಗೆ ಹೋದರು, ಕೆಲವರು ಸೊಂಟ ಹಿಡಿದು ಮನೆಯಲ್ಲೇ ಉಳಿದರು. ಸುಂದರಿಯಕ್ಕ ಕೆಲವು ದಿನ ಕೂರುತ್ತಿದ್ದರು, ಕೆಲವು ದಿನ ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದರು. ಮಾತ್ರೆ ನಿಲ್ಲಿಸದ ಹಾಗೆ ನಾನು ಕಾದೆ. ಗಂಜಿ ಕುಡಿಯುವಷ್ಟಾದರು. ಆದರೆ ಅಂಗಳ ದಾಟಿ ಗುಡ್ಡ ಇಳಿಯಲು ಮಾತ್ರ ಒಪ್ಪಲಿಲ್ಲ. "ಹೋಗುವ ಸುಂದರಿಯಕ್ಕ, ಸಿಸ್ಟರಲ್ಲಿ ಬಿಪಿ ನೋಡಿಸುವ," ಎಂದು ಖತೀಜಮ್ಮ ದಿನವೂ ಕರೆಯುವರು. "ಆ ಬಾಗಿಲು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂಬುದೇ ಉತ್ತರ. ವನಿತಾಳ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ನನ್ನದೂ ಅಷ್ಟೇ.

ಆಟಿ ಕಳೆದು, ಸೋಣ ತಿಂಗಳಲ್ಲಿ ಊರಿನಲ್ಲಿ ಜ್ವರ ಬಂತು. ಮನೆ ಮನೆ ತಿರುಗಿ, ತೆಂಗಿನ ಚಿಪ್ಪು, ಟಯರುಗಳಲ್ಲಿ ನಿಂತ ನೀರು ಚೆಲ್ಲಿಸುತ್ತ, ಸೊಳ್ಳೆಯ ಬಗ್ಗೆ ಭಾಷಣ ಮಾಡುತ್ತ ಹೋದ ನಾನು ಕಡೆಗೆ ಆ ಸೊಳ್ಳೆಗೇ ಸಿಕ್ಕಿಬಿದ್ದೆ. ಹಿಂದಿನ ಕೋಣೆಯಲ್ಲಿ ಮಲಗಿದವಳಿಗೆ ಎಲುಬು ಎಲುಬೂ ನೋವು. ಮನೆಯವರಿಗೆ ಹೇಳಿದರೆ ಗಾಬರಿಯಾಗುತ್ತಾರೆಂದು ಫೋನ್ ಮಾಡಲಿಲ್ಲ. ಅಲ್ಲಿಯವರೆಗೆ ಬೈದುಕೊಂಡೇ ಇದ್ದ ಆ ಮಳೆ, ಆ ಕುಚ್ಚಲಕ್ಕಿ, ಆ ಊರು, ಎಲ್ಲದರ ಮೇಲೂ ಮುನಿಸಿಕೊಂಡು, ಅವ್ವನನ್ನು ನೆನೆದು ದಿಂಬು ತೋಯಿಸಿದೆ. ಜಯಂತಕ್ಕ ಬಂದು ರಕ್ತ ಪರೀಕ್ಷೆಗೆ ಕರೆದೊಯ್ದರು, ಹೆದರುವಂಥದ್ದಲ್ಲ ಎಂದಾಯಿತು. ಕೇಂದ್ರದ ಬಾಗಿಲು ಮುಚ್ಚಿಯೇ ಇರಬಹುದು ಎಂದುಕೊಂಡು ಕಣ್ಣು ಮುಚ್ಚಿದೆ.

ಎಚ್ಚರವಾದಾಗ ಮುಂದಿನ ಕೋಣೆಯಲ್ಲಿ ಗುಡಿಸುವ ಸದ್ದು. ಖತೀಜಮ್ಮ. ಹೊರಗೆ ಯಾರೋ ಬಕೆಟ್ಟು ಬೋರಲು ಹಾಕುತ್ತಿದ್ದರು. ಜಯಂತಕ್ಕ ಕೋಣೆಯೊಳಗೆ ಇಣುಕಿ ಹೇಳಿದರು, "ನೀವು ಮಲಗಿ ಸಿಸ್ಟರ್. ನಿಮ್ಮದು ಕೈಪಾಲು ಹಾಕ್ತಾ ಇದ್ದಾರೆ. ಮದ್ದಿನ ಕೆಲಸ ನಾನು ನೋಡ್ತೇನೆ. ಚಿಪ್ಪಿನ ನೀರು ಚೆಲ್ಲುದು, ಜ್ವರ ಇದ್ದವರ ಮನೆಗೆ ಹೋಗಿ ವಿಚಾರಿಸುದು, ಅದು ಒಬ್ಬೊಬ್ಬರು ಒಂದೊಂದು ಬದಿ ಹಂಚಿಕೊಂಡಿದ್ದಾರೆ."

ಅವರ ಪೈಕಿ ನಾನು ಯಾರು? ಬೇರೆ ಜಿಲ್ಲೆಯವಳು, ಬೇರೆ ಮಾತಿನವಳು, ಅವರ ಅನ್ನದ ಕೆಲಸದ ವಿರುದ್ಧ ಗೋಡೆಗೆ ಪೋಸ್ಟರ್ ಅಂಟಿಸಿದವಳು.

"ಯಾರ್ರಿ ಎತ್ತಿದ್ದು ಕೈಪಾಲು?" ಎಂದು ಕೇಳಿದೆ. ಜಯಂತಕ್ಕ ಬಾಗಿಲು ಬಿಟ್ಟು ಸರಿದು ನಿಂತರು.

ಬ್ರಾಂಚಿನ ಹೊತ್ತು ಅದು. ಮುಂದಿನ ಕೋಣೆಯಲ್ಲಿ ಒದ್ದೆ ಛತ್ರಿ ಮಡಚಿದ ಸದ್ದಾಯಿತು. ತಲೆಗೆ ಹೂ ಮುಡಿದು, ಇಸ್ತ್ರಿಯ ಗೆರೆ ಇನ್ನೂ ಉಳಿದಿದ್ದ ಹತ್ತಿ ಸೀರೆ ಉಟ್ಟು, ಕೈಯಲ್ಲಿ ಮುಚ್ಚಿದ ಪಾತ್ರೆ ಹಿಡಿದು ಸುಂದರಿಯಕ್ಕ ನಿಂತಿದ್ದರು. ಸೀರೆಯ ಅಂಚೆಲ್ಲ ರಸ್ತೆಯ ಕೆಸರು. ಗುಡ್ಡ ಇಳಿದು, ರಸ್ತೆಗೆ ಬಂದು, ಆ ಶಟರಿನ ಮುಂದೆಯೇ ಹಾದು ಬಂದಿದ್ದರು. ಬೇರೆ ದಾರಿ ಇರಲಿಲ್ಲ, ಹಿಂದಿನ ಮಣ್ಣು ದಾರಿ ಆ ವಾರ ಕುಸಿದಿತ್ತು. ಒಳಗೆ ಬರುವ ಮೊದಲು ಅವರು ಗೋಡೆಯ ಪೋಸ್ಟರಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದರು.

"ಈ ಬೀಡಿ ಸುತ್ತಿದ್ದು ಯಾರು?" ಎಂದರು. "ತಲೆ ಮಡಚಿದ್ದೇ ಸರಿ ಇಲ್ಲ. ಇಂಥದ್ದು ಸೇದಿದ್ರೆ ಹೀಗೇ ಆಗುದು."

ನಗಲು ಹೋಗಿ ಪಕ್ಕೆ ನೋಯಿತು. ಅವರು ಬಂದು ನನ್ನ ಮಂಚದ ಅಂಚಿನಲ್ಲಿ ಕೂತರು. ಹಣೆ ಮುಟ್ಟಿದರು. ಪಾತ್ರೆಯ ಮುಚ್ಚಳ ತೆಗೆದರೆ ಕುಚ್ಚಲಕ್ಕಿ ಗಂಜಿ, ಮೇಲೊಂದು ಮಾವಿನ ಮಿಡಿ ಉಪ್ಪಿನಕಾಯಿ. ನಾನು ಆ ಊರಿಗೆ ಬಂದ ದಿನದಿಂದ ಮೂಗು ಮುರಿದಿದ್ದ ಆ ಗಂಜಿಯನ್ನು ಅವರು ಚಮಚದಲ್ಲಿ ಎತ್ತಿ ಕೊಟ್ಟರು, ನಾನು ಕುಡಿದೆ. ಅಷ್ಟು ರುಚಿಯಾದದ್ದನ್ನು ಆಮೇಲೆ ನಾನು ಎಲ್ಲೂ ಉಂಡಿಲ್ಲ.

"ಬೇನೆ ಉಂಡಾ?" ಎಂದು ಕೇಳಿದರು. ನೋವು ಇದೆಯಾ ಎಂದು.

"ಉಂಡು," ಎಂದೆ ನನ್ನ ಹರಕು ತುಳುವಿನಲ್ಲಿ.

ಅವರು ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಬೆರಳನ್ನು ನೀವಿದರು, ಬುಡದಿಂದ ತುದಿಯವರೆಗೆ. ಎಲೆ ಸುತ್ತಿ ಸುತ್ತಿ ನುಣುಪಾದ ಬೆರಳು. ಪಾತ್ರೆ ಖಾಲಿಯಾದ ಮೇಲೆ ಎದ್ದು ಛತ್ರಿ ತೆಗೆದುಕೊಂಡರು. ಇನ್ನಷ್ಟು ಹೊತ್ತು ಅವರು ಅಲ್ಲೇ ಕೂತಿರಲಿ ಎಂದು ನನಗೆ ಮಗುವಿನಂಥ ಆಸೆ. "ಕೂಡ್ರಿ ಸುಂದರಿಯಕ್ಕ, ಇಷ್ಟ್ಯಾಕ ಅವಸರ?" ಎಂದು ಸೆರಗು ಹಿಡಿದೆ.

ಅವರು ಸೆರಗು ಬಿಡಿಸಿಕೊಂಡು, ಬಾಗಿಲಲ್ಲಿ ತಿರುಗಿ, ದೊಡ್ಡ ಕಚೇರಿಯ ಅಧಿಕಾರಿಯ ಹಾಗೆ ಒಂದು ಮಾತು ಹೇಳಿ, ಛತ್ರಿ ಬಿಚ್ಚಿ ರಸ್ತೆಗೆ ಇಳಿದರು. ಹೊರಗೆ ಮಳೆ ಜೋರಾಗಿತ್ತು, ತಗಡಿನ ಮಾಡು ಹಾರಿಹೋಗುವ ಹಾಗೆ ಸದ್ದು ಮಾಡುತ್ತಿತ್ತು. ಆದರೂ ಈ ಸಲ ನನಗೆ ಸರಿಯಾಗಿಯೇ ಕೇಳಿಸಿತು.

"ಎಂಕ್ ಇನಿ ಬೇಲೆ ಉಂಡು ಸಿಸ್ಟರ್." ನನಗೆ ಇವತ್ತು ಕೆಲಸ ಇದೆ.